ಕಡತಪ್ಪನವರು ಬಂಗಲೆ ನೋಡಲು ಹೋದದ್ದು

ಕಡತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸರ್ವೇ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಕೂತು, ಯಾವ ಕಡತ ಯಾವ ಕಪಾಟಿನ ಎಷ್ಟನೇ ಅಂಕಣದಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಮನುಷ್ಯನಿಗೆ ಸಹೋದ್ಯೋಗಿಗಳು ಪ್ರೀತಿಯಿಂದಲೋ ತಲೆನೋವಿನಿಂದಲೋ ಕೊಟ್ಟ ಬಿರುದು ಅದು. ಮೊದಲು ಹಿಂದಿನಿಂದ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು, ಕೊನೆಗೆ ಅವರೇ ಫೋನೆತ್ತಿ "ಕಡತಪ್ಪ ಮಾತಾಡೋದು" ಎನ್ನುವ ಮಟ್ಟಕ್ಕೆ ಬಂತು.

ಅವರ ಪಾಲಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿದ್ದವು: ಚೀಟಿ ಅಂಟಿಸಿದವು, ಚೀಟಿ ಅಂಟಿಸಬೇಕಾದವು. ಅವರ ಮನೆಯ ಉಪ್ಪಿನ ಡಬ್ಬಿಯ ಮೇಲೆ 'ಉಪ್ಪು' ಎಂದಿತ್ತು. ಅದರಲ್ಲಿ ವಿಶೇಷವೇನಿಲ್ಲ. ಕೊಡೆಯ ಹಿಡಿಯ ಮೇಲೆ 'ಕೊಡೆ' ಎಂದಿತ್ತು. ಹೊರಬಾಗಿಲ ಒಳಮೈಗೆ 'ಹೊರಗೆ' ಎಂದಿತ್ತು. ನನಗೂ ಒಂದು ಅಂಟಿಸಿಬಿಡಿ, ಯಾರು ಅಂತ ಮರೆತುಹೋದೀತು ಎಂದು ಹೆಂಡತಿ ಒಮ್ಮೆ ಹೇಳಿದ್ದಕ್ಕೆ ಅವರು ನಗಲಿಲ್ಲ, ಕ್ಷಣಕಾಲ ಯೋಚಿಸಿದರು. ಆಮೇಲೆ ಆಕೆ ಆ ಮಾತು ಎತ್ತಲಿಲ್ಲ.

ಇಂಥ ಕಡತಪ್ಪನವರಿಗೆ ನಿವೃತ್ತಿಗೆ ಒಂದೂವರೆ ತಿಂಗಳು ಉಳಿದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಡುವುದು ತಪ್ಪಿದರೆ ತಾನು ಏನಾಗುತ್ತೇನೆ ಎಂಬ ಪ್ರಶ್ನೆಗೆ ಅವರ ಯಾವ ಕಪಾಟಿನಲ್ಲೂ ಉತ್ತರವಿರಲಿಲ್ಲ. ನಿಜವಾಗಿ ಹೆದರಿದ್ದರು. ಅವರಿಗಿಂತ ಹೆಚ್ಚು ಹೆದರಿದ್ದವರು ಅವರ ಹೆಂಡತಿ. ಹಿಂದೊಮ್ಮೆ ಮೂರು ದಿನ ರಜೆ ಹಾಕಿ ಮನೆಯಲ್ಲಿದ್ದಾಗ ಅವರು ಆಕೆಯ ಸೀರೆಗಳನ್ನೆಲ್ಲ ಕೊಂಡ ವರ್ಷದ ಪ್ರಕಾರ ಜೋಡಿಸಿ, ಎರಡು ಸೀರೆಗಳಿಗೆ ದಾಖಲೆ ಸಾಲದು ಎಂದು ಬೇರೆ ಇಟ್ಟಿದ್ದರು. ಮೂರು ದಿನಕ್ಕೆ ಇಷ್ಟಾದರೆ ಉಳಿದ ಆಯುಷ್ಯದ ಗತಿಯೇನು? ಆದ್ದರಿಂದ ಪತ್ರಿಕೆಯಲ್ಲಿ ಆ ಜಾಹೀರಾತು ಕಂಡ ಕೂಡಲೇ ಆಕೆ ಕತ್ತರಿಯಿಂದ ಕತ್ತರಿಸಿ ಗಂಡನ ಚಹಾ ಲೋಟದ ಕೆಳಗಿಟ್ಟಳು. ನೂರೈವತ್ತು ವರ್ಷದ ಹಳೆಯ ಬಂಗಲೆಯ ಕಾಗದಪತ್ರಗಳ ಕೋಣೆಯನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ, ವಯಸ್ಸಿನ ಮಿತಿಯಿಲ್ಲ ಎಂದಿತ್ತು. ಕಡತಪ್ಪನವರು ಅಂದೇ ಅರ್ಜಿ ಬರೆದು, ನಕಲು ತೆಗೆದು, ನಕಲಿಗೊಂದು ನಕಲು ತೆಗೆದು, ಅಂಚೆಗೆ ಹಾಕಿದರು. ಮೂರು ವಾರವಾದರೂ ಉತ್ತರ ಬರಲಿಲ್ಲ.

ಇಷ್ಟರಲ್ಲಿ ಷಡ್ಡಕನ ಫೋನು ಬಂತು. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವನು, ಮಾತಿನಲ್ಲಿ ಎಂಬತ್ತು ವರ್ಷ ಮುಂದು. ನಲ್ಲಿ, ತೊಟ್ಟಿ, ಬಚ್ಚಲುಮನೆಯ ಸಾಮಾನುಗಳ ದೊಡ್ಡ ಅಂಗಡಿ ಇಟ್ಟಿದ್ದ. ಕಾರಿತ್ತು. ಅವನ ಮಾತು ಶುರುವಾದರೆ ನಿಲ್ಲಿಸಲು ಅವನ ಅಂಗಡಿಯಲ್ಲೇ ನಲ್ಲಿ ಇರಲಿಲ್ಲ. ಅಂದು ಅವನು ಬಹಳ ಧಾರಾಳವಾಗಿದ್ದ. ರಿಟೈರ್ ಆದ ಮೇಲೆ ಬೇಜಾರು ಮಾಡಿಕೊಳ್ಳಬೇಡಿ ಭಾವ, ನಮ್ಮ ಅಂಗಡಿಗೆ ಬಂದು ಕೂತುಕೊಳ್ಳಿ, ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿಸಿಕೊಡುತ್ತೇನೆ ಎಂದ.

ಆ ಕುರ್ಚಿ ಕಡತಪ್ಪನವರ ಎದೆಗೆ ನಾಟಿತು. ಮೂವತ್ತೊಂದು ವರ್ಷದ ಸೇವೆ ಕೊನೆಗೆ ನಲ್ಲಿಗಳ ನಡುವೆ ಒಂದು ಕುರ್ಚಿಗೆ ಬಂದು ನಿಂತಿತೇ? ಎಂದೂ ಒಂದು ಅಕ್ಷರ ಸುಳ್ಳು ಬರೆಯದ ಮನುಷ್ಯ, ಯಾವ ಮಾಯೆಯಲ್ಲೋ, "ನಂಗೆ ಆಗ್ಲೇ ಬೇರೆ ಕಡೆ ಆಗಿದೆ. ದೊಡ್ಡ ಬಂಗಲೇಲಿ. ಕಾಗದಪತ್ರದ ಕೋಣೆ ಪೂರ್ತಿ ನಂದೇ" ಅಂದುಬಿಟ್ಟರು.

ಫೋನಿನ ಆ ಕಡೆ ಷಡ್ಡಕ ಸುಮ್ಮನಾದ. ಅವನು ಸುಮ್ಮನಾಗುವುದೆಂದರೆ ಊರಿನ ಗಡಿಯಾರ ನಿಂತ ಹಾಗೆ. ಕಡತಪ್ಪನವರು ಅದನ್ನು ಸೋಲಿನ ಮೌನ ಎಂದು ತಿಳಿದು ಹಿಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ಅವನು, ಹಾಗಾದರೆ ಈ ಭಾನುವಾರ ನಾವೆಲ್ಲ ಹೋಗಿ ನೋಡೋಣ, ನೀವೇ ತೋರಿಸಿ ಎಂದ. ಹಿಗ್ಗು ಅಲ್ಲಿಗೆ ಮುಗಿಯಿತು.

ಸುದ್ದಿಗೆ ಕಾಲು ಬಂದವು. ಅಕ್ಕ ತಂಗಿಯರ ಫೋನಿನಿಂದ ಹೊರಟದ್ದು ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಮುಟ್ಟುವಷ್ಟರಲ್ಲಿ ಕಡತಪ್ಪನವರು ಬಂಗಲೆಯ ಆಡಳಿತಾಧಿಕಾರಿಯಾಗಿದ್ದರು. ಇಸ್ತ್ರಿ ಅಂಗಡಿಯವನು ಅಂಗಿಯ ಕಾಲರಿಗೆ ಎಂದಿಗಿಂತ ಎರಡು ಸಲ ಹೆಚ್ಚು ಪೆಟ್ಟಿಗೆ ಓಡಿಸಿದ. ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. ಭಾನುವಾರ ಹೊರಡುವಾಗ ಆಕೆ ಹೇಳಿದ್ದು ಒಂದೇ ಮಾತು, ಅಲ್ಲಿ ಬಾಯಿ ಕಡಿಮೆ ಬಿಡಿ ಎಂದು.

ಬಂಗಲೆಯ ಗೇಟಿನಲ್ಲೇ ಮೊದಲ ಗಂಡಾಂತರ ಕಾದಿತ್ತು. ಟಿಕೆಟ್ ಕಿಟಕಿಯ ಹಿಂದಿನ ಹೆಂಗಸು ನಾಲ್ಕು ಜನವಾ ಎಂದು ಕೇಳಿದಳು. ಷಡ್ಡಕ ಮೂರು ಎಂದ. ಇವರು ಇಲ್ಲಿಯವರೇ ಅಲ್ಲವೇ, ಇವರಿಗೆ ಯಾಕೆ ಟಿಕೆಟ್ಟು ಎಂದು ಭಾವನ ಕಡೆ ನೋಡಿದ. ಕಡತಪ್ಪನವರು ಕೆಮ್ಮಿದರು. ತಾನು ಅಧಿಕಾರ ವಹಿಸಿಕೊಳ್ಳುವುದು ಒಂದನೇ ತಾರೀಖಿನಿಂದ, ಅಲ್ಲಿಯವರೆಗೆ ತಾನೂ ಸಾಮಾನ್ಯ ಪ್ರಜೆ, ಶಿಸ್ತು ಅಂದರೆ ಶಿಸ್ತು ಎಂದು ಗಂಭೀರವಾಗಿ ಹೇಳಿ ನಾಲ್ಕು ಟಿಕೆಟ್ಟನ್ನೂ ತಾವೇ ಕೊಂಡರು. ನಾದಿನಿಯ ಕಣ್ಣಲ್ಲಿ ಅವರು ಒಂದು ಮೆಟ್ಟಿಲು ಮೇಲೇರಿದರು. ಇಂಥ ಮನುಷ್ಯರು ಈಗೆಲ್ಲಿದ್ದಾರೆ ಎಂದು ಆಕೆ ಅಕ್ಕನಿಗೆ ಹೇಳಿದಳು. ಅಕ್ಕ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಒಳಗೆ ಮೂವತ್ತು ಕೋಣೆಗಳು. ಕಡತಪ್ಪನವರು ಒಂದನ್ನೂ ಹಿಂದೆ ನೋಡಿರಲಿಲ್ಲ. ಆದರೂ ಕೈ ಹಿಂದೆ ಕಟ್ಟಿಕೊಂಡು, ಪ್ರತಿ ಕೋಣೆಯ ಹೊಸ್ತಿಲಲ್ಲೂ ಒಂದು ಕ್ಷಣ ನಿಂತು, "ಹೂಂ" ಎಂದು ಮುಂದೆ ನಡೆದರು. ಆ ಹೂಂಕಾರದಲ್ಲಿ ಎಷ್ಟು ತೂಕವಿತ್ತೆಂದರೆ ಬೇರೆ ಸಂದರ್ಶಕರೂ ಮೆಲ್ಲಗೆ ಹಿಂಬಾಲಿಸತೊಡಗಿದರು. ಬಚ್ಚಲುಮನೆಯಲ್ಲಿ ಮಾತ್ರ ಷಡ್ಡಕ ಭಾವನನ್ನು ಪಕ್ಕಕ್ಕೆ ಸರಿಸಿದ. ಹಿತ್ತಾಳೆಯ ನಲ್ಲಿಯ ಎದುರು ನಿಂತು, ಇದರ ತಿರುಪು ಎಡಕ್ಕೇಕೆ ತಿರುಗುತ್ತದೆ, ಈ ತೊಟ್ಟಿಯನ್ನು ಮೊದಲಿಟ್ಟು ಆಮೇಲೆ ಗೋಡೆ ಏಕೆ ಕಟ್ಟಿದರು ಎಂದು ವಿವರಿಸಿದ ರೀತಿಗೆ ಜನ ಕಣ್ಣು ಬಾಯಿ ಬಿಟ್ಟರು. ಒಬ್ಬ ಮುದುಕರು ಚಪ್ಪಾಳೆಯನ್ನೇ ತಟ್ಟಿದರು.

ಆದರೆ ಷಡ್ಡಕ ಅಂದು ಯಾಕೋ ವಿಚಿತ್ರವಾದ ಪ್ರಶ್ನೆಗಳನ್ನು ಕೇಳುತ್ತಿದ್ದ. ಇಲ್ಲಿ ಕೆಲಸದ ಹೊತ್ತು ಎಷ್ಟರಿಂದ ಎಷ್ಟರವರೆಗೆ, ಮೊದಲೇ ಅನುಭವ ಇರಲೇಬೇಕಾ, ಬೇರೆ ಯಾರಾದರೂ ಅರ್ಜಿ ಹಾಕಿದ್ದರಾ ಎಂದೆಲ್ಲ. ಕಾಲೆಳೆಯುತ್ತಿದ್ದಾನೆ ಎಂದುಕೊಂಡು ಕಡತಪ್ಪನವರು ಎಲ್ಲಕ್ಕೂ "ಅದೆಲ್ಲ ಮೇಲಿನವರ ಮಟ್ಟದ್ದು" ಎಂದು ತೇಲಿಸಿದರು. ಕಾಗದಪತ್ರದ ಕೋಣೆಗೆ ಬೀಗ ಹಾಕಿತ್ತು. ಬಾಗಿಲ ಗಾಜಿನಿಂದ ಇಬ್ಬರೂ ಇಣುಕಿದರು. ನೆಲದ ಮೇಲೆ, ಮೇಜಿನ ಮೇಲೆ, ಕುರ್ಚಿಯ ಮೇಲೆ ಕಟ್ಟುಕಟ್ಟು ಕಾಗದ, ಒಂದಕ್ಕೂ ಚೀಟಿಯಿಲ್ಲ. ತಾಯಿ ಇಲ್ಲದ ಮಕ್ಕಳನ್ನು ಕಂಡಂತೆ ಕಡತಪ್ಪನವರು ಗಾಜನ್ನು ಅಂಗೈಯಿಂದ ಸವರಿದರು. ಈ ಕೋಣೆ ತನಗೆ ಸಿಗಲೇಬೇಕು ಎಂದು ಅವರಿಗೆ ಆ ಕ್ಷಣದಲ್ಲಿ ಅನ್ನಿಸಿದಷ್ಟು ತಮ್ಮ ಮದುವೆಯ ಹೊತ್ತಿನಲ್ಲೂ ಅನ್ನಿಸಿರಲಿಲ್ಲ. ಷಡ್ಡಕನೂ ಗಾಜಿಗೆ ಮೂಗೊತ್ತಿಕೊಂಡು ಬಹಳ ಹೊತ್ತು ನಿಂತಿದ್ದ.

ಬಂಗಲೆಯ ಹಿಂದೆ ತೋಟ. ಒಂದೊಂದು ಋತುವಿಗೆ ಒಂದೊಂದು ತೋಟ. ಹೂ ಬಿಟ್ಟಿರುವುದನ್ನಷ್ಟೇ ಜನರಿಗೆ ತೆರೆಯುವುದು ಅಲ್ಲಿನ ಪದ್ಧತಿ. ಈಗ ತೆರೆದಿದ್ದ ತೋಟದ ನಡುವೆ ಇಟ್ಟಿಗೆಯ ಹಾದಿ. ಹಾದಿಯ ಎಡಕ್ಕೆ ಡೇರೆ, ಸೇವಂತಿಗೆ, ಚೆಂಡುಹೂಗಳು ಸಾಲುಸಾಲಾಗಿ ಅರಳಿ ನಿಂತಿದ್ದವು. ಅವಕ್ಕೆ ಒಂದೂ ಚೀಟಿಯಿಲ್ಲ. ಬಲಕ್ಕೆ, ಕಟ್ಟಿದ ಹಗ್ಗದ ಆಚೆ, ಬರೀ ಮಣ್ಣಿನ ಪಾತಿ. ಒಂದು ಹುಲ್ಲುಕಡ್ಡಿಯೂ ಇಲ್ಲದ ಆ ಮಣ್ಣಿನಲ್ಲಿ ನಲವತ್ತೆರಡು ಕಡ್ಡಿಗಳು, ಕಡ್ಡಿಗೊಂದು ತಗಡಿನ ಚೀಟಿ. ಚೀಟಿಯ ಮೇಲೆ ಮುದ್ದಾದ ಅಕ್ಷರದಲ್ಲಿ, 'ಮಂಜಿನ ಬಟ್ಟಲು, ಬಿಳಿ, ಗಿಡ್ಡ', 'ಮೌನಗೌರಿ, ನೀಲಿ', 'ಅತ್ತೆಯ ಓಲೆ, ಹಳದಿ, ಎತ್ತರ' ಎಂದು.

ಕಡತಪ್ಪನವರು ನಿಂತಲ್ಲೇ ನಿಂತರು. ಮೂವತ್ತೊಂದು ವರ್ಷದಲ್ಲಿ ಅವರು ಅನೇಕ ಅನಾಹುತಗಳನ್ನು ಕಂಡಿದ್ದರು. ಆದರೆ ಖಾಲಿ ಕಪಾಟಿಗೆ ನಲವತ್ತೆರಡು ಚೀಟಿ ಹಚ್ಚಿ, ತುಂಬಿದ ಕಪಾಟನ್ನು ಬೋಳು ಬಿಟ್ಟದ್ದನ್ನು ಎಲ್ಲೂ ಕಂಡಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ನಾದಿನಿ ಎಡಗಡೆಯ ಒಂದು ಎತ್ತರದ ಹಳದಿ ಹೂವನ್ನು ತೋರಿಸಿ ಇದು ಯಾವುದು ಭಾವ ಎಂದಳು. ಅವರ ಕಣ್ಣು ಎದುರಿನ ಚೀಟಿಯ ಮೇಲೆ ಬಿತ್ತು. "ಅತ್ತೆಯ ಓಲೆ" ಎಂದರು. ಹೂವು ಇಲ್ಲಿ, ಹೆಸರು ಅಲ್ಲಿ ಯಾಕೆ ಎಂದು ಷಡ್ಡಕ ಕೇಳಿದ. ಯಾರೋ ತಿಳಿಯದವರು ಮಾಡಿದ್ದು ಎಂದರು ಕಡತಪ್ಪನವರು.

"ಹಾಗಾದ್ರೆ ಸರಿ ಮಾಡ್ಬಿಡಿ. ನಿಮ್ಮದೇ ಜಾಗ ಅಲ್ವಾ?"

ಅದು ಸವಾಲಾಗಿತ್ತೋ ಸಲಹೆಯಾಗಿತ್ತೋ ಇಂದಿಗೂ ಇತ್ಯರ್ಥವಾಗಿಲ್ಲ. ಕಡತಪ್ಪನವರು ಪ್ಯಾಂಟು ಮಡಿಸಿಕೊಂಡು ಹಗ್ಗ ದಾಟಿದರು. 'ಅತ್ತೆಯ ಓಲೆ'ಯನ್ನು ಕಿತ್ತು ತಂದು ಹಳದಿ ಹೂವಿನ ಬುಡಕ್ಕೆ ಚುಚ್ಚಿದರು. ಒಂದು ಚೀಟಿ ಸರಿಯಾದ ಜಾಗಕ್ಕೆ ಬಂದರೆ ಅವರ ಮೈಗೆ ಒಂದು ಬಗೆಯ ತಂಪು ಹರಡುತ್ತಿತ್ತು; ಆಮೇಲೆ ಅವರನ್ನು ತಡೆಯುವುದು ಕಷ್ಟ. ಹೆಂಡತಿ ಸೆರಗು ಹಿಡಿದುಕೊಂಡು ಸಾಕು ಬನ್ನಿ ಎಂದು ಮೂರು ಸಲ ಹೇಳಿದಳು. ಆಗಲೇ ಹನ್ನೊಂದನೇ ಚೀಟಿ ನಡೆದಿತ್ತು.

ಬಂಗಲೆಯೊಳಗೆ ಹೂಂಕಾರ ಕೇಳಿದ್ದ ಸಂದರ್ಶಕರು ಸುತ್ತ ಸೇರಿದರು. ಯಾರು ಇವರು ಎಂದು ಒಬ್ಬರು ಕೇಳಿದ್ದಕ್ಕೆ ಷಡ್ಡಕ, ಹೊಸದಾಗಿ ಬಂದ ಅಧಿಕಾರಿ ಎಂದ. ಗುಂಪಿನಲ್ಲಿ ಒಬ್ಬ ನಿವೃತ್ತ ಹೆಡ್‌ಮಿಸ್ಸು ಇದ್ದರು. ಅವ್ಯವಸ್ಥೆ ಕಂಡರೆ ಅವರ ಕೈಯೂ ಸುಮ್ಮನಿರುವುದಿಲ್ಲ. ಬಿಳಿಯವೆಲ್ಲ ಈ ಕಡೆ, ಕೆಂಪಿನವು ಆ ಕಡೆ, ತಳ್ಳಬೇಡಿ ಎಂದು ಜನರನ್ನು ಸಾಲು ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಹಾದಿಯ ಎರಡೂ ಕಡೆ ಕೈಯಿಂದ ಕೈಗೆ ಚೀಟಿ ದಾಟತೊಡಗಿತು. 'ನೀಲಿ' ಎಂದಿದ್ದ ಮೂರಕ್ಕೆ ಹೂವೇ ಇರಲಿಲ್ಲ. ನೇರಳೆಯನ್ನು ನೀಲಿ ಎಂದು ಪರಿಗಣಿಸಬಹುದೇ ಎಂಬ ಬಗ್ಗೆ ಬಿಸಿಬಿಸಿ ಚರ್ಚೆಯಾಗಿ, ಪರಿಗಣಿಸಬಹುದು ಎಂದು ಹೆಡ್‌ಮಿಸ್ಸು ತೀರ್ಪು ಕೊಟ್ಟರು. ನಲವತ್ತೆರಡನೇ ಚೀಟಿ ನಿಂತಾಗ ಜನ ಕೈ ಒದರಿಕೊಂಡು, ಸಮಾಜಕ್ಕೆ ಏನೋ ಒಂದು ಮಾಡಿದ ತೃಪ್ತಿಯಲ್ಲಿ ಹಿಂದೆ ಸರಿದು ನೋಡಿದರು. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಆಗ ಊಟ ಮುಗಿಸಿ ಹೆಡ್ ಮಾಲಿ ಬಂದ.

ಅವನು ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಬೋಳು ಪಾತಿಯಲ್ಲಿ ಕಡ್ಡಿಯ ತೂತುಗಳು ಮಾತ್ರ ಉಳಿದಿದ್ದವು, ಅವನ್ನೂ ಜನ ತುಳಿದು ಅರ್ಧ ಮುಚ್ಚಿದ್ದರು. ಹೆಗಲ ಮೇಲಿನ ಟವೆಲು ಕಿತ್ತು ನೆಲಕ್ಕೆ ಒಗೆದು ಕೂಗಾಡತೊಡಗಿದ. ಕೂಗಾಟದಿಂದ ತಿಳಿದದ್ದಿಷ್ಟು: ಆ ಪಾತಿ ಖಾಲಿಯಲ್ಲ. ಮಣ್ಣಿನೊಳಗೆ ನಲವತ್ತೆರಡು ತಳಿಯ ಲಿಲ್ಲಿ ಗಡ್ಡೆಗಳು ಮಲಗಿವೆ. ಮುಂದಿನ ಋತುವಿನಲ್ಲಿ ಹನ್ನೆರಡು ದಿನ ಹೂ ಬಿಟ್ಟು ಮತ್ತೆ ಮಲಗುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಗಡ್ಡೆಯೂ ಒಂದೇ, ಈರುಳ್ಳಿಯ ಹಾಗೆ. ಯಾವುದು ಎಲ್ಲಿದೆ ಎಂದು ಹೇಳುವುದು ಆ ಚೀಟಿ ಒಂದೇ. ಎಡಗಡೆಯವು ಬೀದಿಬೀದಿಯಲ್ಲಿ ಬೆಳೆಯುವ ಹೂವು, ಅವಕ್ಕೆ ಯಾರೂ ಚೀಟಿ ಹಾಕುವುದಿಲ್ಲ.

ಕಡತಪ್ಪನವರು ತಮ್ಮ ಮಣ್ಣಾದ ಕೈ ನೋಡಿಕೊಂಡರು. ಖಾಲಿ ಎಂದುಕೊಂಡ ಕಪಾಟು ಖಾಲಿಯಾಗಿರಲಿಲ್ಲ; ಕಡತಗಳು ಒಳಗೆ ನಿದ್ದೆ ಮಾಡುತ್ತಿದ್ದವು. ಸುತ್ತಲಿನ ಸಮಾಜಸೇವಕರು ಆಗಲೇ ಗುಲಾಬಿ ಗಿಡಗಳ ಕಡೆ ಚದುರಿ, ಮುಳ್ಳುಗಳನ್ನು ಗಮನವಿಟ್ಟು ನೋಡುತ್ತಿದ್ದರು. ಹೆಡ್ ಮಾಲಿಗೆ ಕಾಣಿಸಿದ್ದು ತೋಟದ ಕೊನೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸು. ಬೆಳಿಗ್ಗೆ ಚೀಟಿಗಳನ್ನು ಒರೆಸಲು ಅವನೇ ಅವಳಿಗೆ ಹೇಳಿದ್ದ. ಒರೆಸು ಅಂದರೆ ಕಿತ್ತು ಹಾಕು ಅಂತ ಅರ್ಥವಾ, ನಾಳೆಯಿಂದ ಬರಬೇಡ ಎಂದು ಕೂಗಿದ. ಅವಳು ಕುಡುಗೋಲು ಹಿಡಿದುಕೊಂಡು ಎದ್ದು ನಿಂತಳು. ತಾನಲ್ಲ ಎಂದಳು. ಎರಡನೇ ಸಲ ಹೇಳುವಾಗ ಅವಳ ದನಿ ಮೊದಲಿಗಿಂತ ಸಣ್ಣದಾಗಿತ್ತು.

ಕಡತಪ್ಪನವರು ಗೇಟಿನ ಕಡೆ ನೋಡಿದರು. ಗೇಟು ಹತ್ತಿರವಿತ್ತು. ಪಕ್ಕದಲ್ಲಿ ಷಡ್ಡಕನಿದ್ದ. ಈಗ ಬಾಯಿ ಬಿಟ್ಟರೆ ಮಾನವೂ ಹೋಗುತ್ತದೆ, ಆ ಕೋಣೆಯೂ ಹೋಗುತ್ತದೆ. ಬಿಡದಿದ್ದರೆ ಹೋಗುವುದು ಅವಳ ಕೆಲಸ. ಬರಬೇಡ ಎಂಬ ಮಾತು ಹದಿನೈದು ದಿನದಲ್ಲಿ ತಮಗೂ ಬರಲಿತ್ತು. ಅದು ಕಿವಿಗೆ ಹೇಗೆ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಅವಳಲ್ಲ ಮಾಡಿದ್ದು. ನಾನು," ಎಂದರು. ಹೆಡ್ ಮಾಲಿ ತಿರುಗಿದ. ಇವರು ಹೊಸ ಅಧಿಕಾರಿ ಎಂದು ಹೆಡ್‌ಮಿಸ್ಸು ಗುಲಾಬಿಗಳ ನಡುವಿನಿಂದಲೇ ಸಾಕ್ಷಿ ನುಡಿದರು. "ಅಧಿಕಾರಿನೂ ಅಲ್ಲ. ಇಲ್ಲಿ ನಂಗೆ ಯಾವ ಕೆಲಸಾನೂ ಇಲ್ಲ. ಒಂದು ಅರ್ಜಿ ಹಾಕಿದೀನಿ, ಅಷ್ಟೇ. ಉಳಿದದ್ದು ನಾನು ಹೇಳಿದ ಸುಳ್ಳು."

ಇಷ್ಟು ಹೇಳಿ ಷಡ್ಡಕನ ನಗುವಿಗಾಗಿ ಕಾದರು. ನಗು ಬರಲಿಲ್ಲ. ಷಡ್ಡಕ ಅವರನ್ನು ನೋಡುತ್ತ ನಿಂತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ನಾದಿನಿ ಅಕ್ಕನ ಕಡೆ ತಿರುಗಿದಳು. ಅಕ್ಕನಿಗೆ ಈ ಸಲ ನೋಡಲು ಚಪ್ಪಲಿಯೂ ಸಾಲಲಿಲ್ಲ.

ಬಂಗಲೆಯ ಮ್ಯಾನೇಜರ್ ಮೇಡಂ ಬಂದರು. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು, ಮುಖದಲ್ಲಿ ಆ ಗೊಂಚಲಿನಲ್ಲಿ ಯಾವ ಕೈ ಯಾವ ಬೀಗದ್ದೆಂದು ಗೊತ್ತಿಲ್ಲದ ಸುಸ್ತು. ಎಲ್ಲವನ್ನೂ ಕೇಳಿಸಿಕೊಂಡು, ಕಳೆ ಕೀಳುವವಳನ್ನು ಕೆಲಸಕ್ಕೆ ಕಳಿಸಿ, ಎಲ್ಲರನ್ನೂ ಆಫೀಸಿನ ಜಗುಲಿಗೆ ಕರೆದೊಯ್ದರು. ಪೊಲೀಸಿಗೆ ಹೇಳುತ್ತಾರೆ ಎಂದು ಷಡ್ಡಕ ಪಿಸುಗುಟ್ಟಿದ. ಅರ್ಜಿ ಯಾವತ್ತು ಹಾಕಿದಿರಿ ಎಂದು ಮೇಡಂ ಕೇಳಿದರು. ಕಡತಪ್ಪನವರು ತಾರೀಖು, ಅಂಚೆ ರಸೀದಿಯ ನಂಬರು, ಅರ್ಜಿಯ ಪುಟಗಳ ಸಂಖ್ಯೆ ಮೂರನ್ನೂ ಹೇಳಿದರು. ಮೇಡಂ ಮುಖ ಕೆಂಪಾಯಿತು. ಬಂದ ಅರ್ಜಿಗಳೆಲ್ಲ ಮೂರು ವಾರದಿಂದ ಕಾಣೆ ಎಂದು ಅವರು ಗೋಡೆಯ ಕಡೆ ನೋಡಿಕೊಂಡು ಒಪ್ಪಿಕೊಂಡರು. ಕಾಗದಗಳು ಸಿಗುತ್ತಿಲ್ಲವೆಂದೇ ಒಬ್ಬರು ಬೇಕೆಂದು ಜಾಹೀರಾತು ಕೊಟ್ಟದ್ದು. ಅರ್ಜಿಗಳೇ ಸಿಗದೆ ಯಾರನ್ನೂ ಕರೆಯಲಾಗಿಲ್ಲ.

ಕಡತಪ್ಪನವರಿಗೆ ತಾವು ಅಪರಾಧಿ ಎಂಬುದು ಮರೆತುಹೋಯಿತು. ಆ ದಿನಗಳಲ್ಲಿ ಅಂಚೆ ತೆಗೆದುಕೊಳ್ಳುತ್ತಿದ್ದವರು ಯಾರು ಎಂದು ಕೇಳಿದರು. ಹೆಡ್ ಮಾಲಿ ಎಂದು ಉತ್ತರ ಬಂತು. ಅಂಚೆಯಲ್ಲಿ ಆಗ ಇನ್ನೇನು ಬರುತ್ತಿತ್ತು? ಬೀಜದ ಪೊಟ್ಟಣಗಳು. ಹಾಗಾದರೆ ಬೀಜದ ಕಪಾಟು ತೆಗೆಯಿರಿ ಎಂದರು. 'ಮುಂದಿನ ಋತು' ಎಂದು ಬರೆದ ಡಬ್ಬದಲ್ಲಿ, ಮೂಲಂಗಿ ಬೀಜದ ಕೆಳಗೆ, ಇಪ್ಪತ್ತೇಳು ಲಕೋಟೆಗಳು ಬೆಚ್ಚಗೆ ಕೂತಿದ್ದವು. ಈಗ ಬೇಡದ್ದೆಲ್ಲ ಆ ಡಬ್ಬಕ್ಕೆ ಎಂದು ಹೆಡ್ ಮಾಲಿ ತನ್ನ ಪದ್ಧತಿಯನ್ನು ಸಮರ್ಥಿಸಿಕೊಂಡ.

ಮೇಡಂ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಇದನ್ನು ಸ್ವಲ್ಪ ಜೋಡಿಸಿಕೊಟ್ಟು ಹೋಗಿ ಎಂದರು. ಕಡತಪ್ಪನವರು ಬಂದ ತಾರೀಖಿನ ಪ್ರಕಾರ ಜೋಡಿಸುತ್ತ ಹೋದರು. ಅವರದು ಹತ್ತೊಂಬತ್ತನೆಯದು. ಬಾಗಿಲ ಬಳಿ ನಿಂತಿದ್ದ ಹೆಂಡತಿ ಮೇಡಂಗೆ ಕಾಣದಂತೆ ಬೆರಳಿನಿಂದ ಮೇಲೆ, ಮೇಲೆ ಎಂದು ಸನ್ನೆ ಮಾಡಿದಳು. ಅವರಿಗೂ ಕಾಣಿಸಿತು. ಹದಿನೆಂಟರ ಕೆಳಗೆ, ಇಪ್ಪತ್ತರ ಮೇಲೆ ಇಟ್ಟು ಅಂಚು ತಟ್ಟಿದರು.

ಮೂರನೆಯ ಲಕೋಟೆಯ ಕೈಬರಹ ಎಲ್ಲೋ ಕಂಡಂತಿತ್ತು. ಬಿಡಿಸಿದರು. ಷಡ್ಡಕನ ಅರ್ಜಿ. ಎಂಟು ತಿಂಗಳ ಹಿಂದೆ ಅಂಗಡಿ ಮುಚ್ಚಬೇಕಾಯಿತು, ಇನ್ನೂ ಮನೆಯಲ್ಲಿ ಹೇಳಿಲ್ಲ, ಆದ್ದರಿಂದ ಉತ್ತರವನ್ನು ದಯವಿಟ್ಟು ಮನೆಗೆ ಕಳಿಸದೆ ಫೋನು ಮಾಡಬೇಕು ಎಂದು ಬರೆದಿದ್ದ. ಎಂಟು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಕಾರು ಹತ್ತಿ ಅವನು ಎಲ್ಲಿಗೆ ಹೋಗುತ್ತಿದ್ದ ಎಂದು ಅರ್ಜಿಯಲ್ಲಿರಲಿಲ್ಲ. ಅನುಭವ ಎಂಬಲ್ಲಿ, 'ನನ್ನ ಭಾವನವರು ಈ ಕೆಲಸದಲ್ಲಿ ಮೂವತ್ತೊಂದು ವರ್ಷ ಪಳಗಿದವರು, ನನ್ನ ಬಗ್ಗೆ ಅವರನ್ನು ಕೇಳಬಹುದು, ಅವರು ಸುಳ್ಳು ಹೇಳುವುದಿಲ್ಲ' ಎಂದಿತ್ತು.

ಕಡತಪ್ಪನವರು ತಲೆಯೆತ್ತಿದರು. ಷಡ್ಡಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ತನ್ನ ಲಕೋಟೆಯ ಗುರುತು ಅವನಿಗೂ ಸಿಕ್ಕಿತ್ತು. ನಾದಿನಿ ಜಗುಲಿಯಲ್ಲಿ ಕೂತು ಹೆಡ್‌ಮಿಸ್ಸಿಗೆ ತಮ್ಮ ಅಂಗಡಿಯ ವಿಳಾಸ ಹೇಳುತ್ತಿದ್ದಳು. ಫ್ಯಾನಿನ ಕೆಳಗಿನ ಆ ಕುರ್ಚಿ ನೆನಪಾಗಿ ಕಡತಪ್ಪನವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಕಾಗದವನ್ನು ಮಡಿಸಿ, ಎರಡರ ಕೆಳಗೆ, ನಾಲ್ಕರ ಮೇಲೆ ಇಟ್ಟರು.

ಮೇಡಂ ಕಟ್ಟನ್ನು ಎಳೆದುಕೊಂಡು ಮೇಲಿನಿಂದ ಓದತೊಡಗಿದರು. ಮೂರನೆಯದರಲ್ಲಿ ನಿಂತರು. ಒಮ್ಮೆ ಬಾಗಿಲ ಕಡೆ, ಒಮ್ಮೆ ಕಡತಪ್ಪನವರ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು. "ಈ ಭಾವ ನೀವೇನಾ? ಹೇಳಿ, ಇವರು ಹೇಗೆ?"

ಕಡತಪ್ಪನವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಕೆಲಸ ಗೊತ್ತಿಲ್ಲ. ಕೆಲಸ ಬೇಕಾಗಿದೆ."

"ಮತ್ತೆ ನೀವು?"

"ನಂಗೆ ಕೆಲಸ ಗೊತ್ತು," ಎಂದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು.

ವಾಪಸು ಬರುವಾಗ ಷಡ್ಡಕ ರಸ್ತೆ ಬಿಟ್ಟು ಬೇರೆಲ್ಲೂ ನೋಡದೆ ಕಾರು ಓಡಿಸಿದ. ಭಾವನ ಸುಳ್ಳಿಗೆ ತನ್ನ ಗಂಡ ಬೇಸರಗೊಂಡಿದ್ದಾನೆ ಎಂದು ನಾದಿನಿ ತಿಳಿದಳು. ಲಿಲ್ಲಿ ಅರಳುವ ಹನ್ನೆರಡು ದಿನವೂ ಬಂದು ಚೀಟಿಗಳನ್ನು ಮತ್ತೆ ನೆಡಬೇಕೆಂದು ಹೆಡ್ ಮಾಲಿ ಕಡತಪ್ಪನವರಿಂದ ಬರೆಸಿಕೊಂಡಿದ್ದ. ಅವರ ಸಂಪಾದನೆ ಅಂದಿಗೆ ಅಷ್ಟೇ.

ಬಂಗಲೆಯ ಆಡಳಿತ ಮಂಡಳಿ ತಾರೀಖಿನ ಕ್ರಮದಲ್ಲೇ ನಡೆದುಕೊಂಡಿತು. ಮೊದಲನೆಯವರಿಗೆ ಬೇರೆಲ್ಲೋ ಕೆಲಸ ಸಿಕ್ಕಿತ್ತು. ಎರಡನೆಯವರಿಗೆ ಧೂಳು ಆಗುತ್ತಿರಲಿಲ್ಲ. ಒಂದನೇ ತಾರೀಖಿನಿಂದ ಕೆಲಸಕ್ಕೆ ಬರಬೇಕೆಂದು ಮೂರನೆಯವರಿಗೆ ಆದೇಶ ಹೋಯಿತು. ಮೂರನ್ನು ತೆಗೆದುಕೊಂಡರೆ ಹತ್ತೊಂಬತ್ತು ಕರೆಯದೆಯೇ ಬರುತ್ತದೆ ಎಂದು ಮ್ಯಾನೇಜರ್ ಮೇಡಂ ಲೆಕ್ಕ ಹಾಕಿದ್ದರೆ ಅವರನ್ನು ದೂರುವಂತಿಲ್ಲ. ತೋಟದ ನಡುವೆ ಇರುವವರಿಗೆ ಒಂದು ಗಡ್ಡೆಯಿಂದ ಎರಡು ಗಿಡ ಮಾಡುವುದು ಅಭ್ಯಾಸವಾಗಿರುತ್ತದೆ. ಷಡ್ಡಕ ಮೊದಲು ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಅವನ ಅಂಗಿಗೆ ಗುಂಡಿ ಹೊಲಿದುಕೊಟ್ಟಳಂತೆ. ಆಮೇಲೆ ಭಾವನಿಗೆ ಫೋನು ಮಾಡಿದ. ಇಡೀ ಸಂಭಾಷಣೆ ಒಂದು ನಿಮಿಷಕ್ಕೆ ಮುಗಿಯಿತು. ಒಂದು ವಾರ ಬಂದು ತೋರಿಸಿಕೊಡುತ್ತೀರಾ ಎಂದು ಕೇಳಿದ. ಕಡತಪ್ಪನವರು ನೋಡೋಣ ಎಂದರು. ಅವರಿಗೆ ಹೊಟ್ಟೆ ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಒಂದನೇ ತಾರೀಖು ಬಂತು. ಅಭ್ಯಾಸಬಲದಿಂದ ಕಡತಪ್ಪನವರು ಬೇಗ ಎದ್ದು, ಸ್ನಾನ ಮಾಡಿ, ಅಂಗಿ ತೊಟ್ಟು, ಒಂಬತ್ತೂವರೆಗೆ ಪೆನ್ನು ಸಿಕ್ಕಿಸಿಕೊಂಡು ಗೇಟಿನವರೆಗೆ ಬಂದುಬಿಟ್ಟರು. ಬಂದ ಮೇಲೆ, ಹೋಗುವುದೆಲ್ಲಿಗೆ ಎಂದು ನೆನಪಾಗಿ ಗೇಟಿನ ಚಿಲಕ ಹಿಡಿದು ನಿಂತರು. ಹೋಗಬೇಕೆಂಬ ಆಸೆ ಇತ್ತು. ಹೋಗಲು ಬಿಡದ ಬಿಗುಮಾನವೂ ಇತ್ತು. ಹೆಂಡತಿ ಒಳಗಿನಿಂದ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಳು.

ಎದುರುಮನೆಯ ಬ್ಯಾಂಕ್ ಮ್ಯಾನೇಜರು ಪತ್ರಿಕೆ ಮಡಿಸಿ, ಇವತ್ತಿನಿಂದ ಅಲ್ಲವೇ ಬಂಗಲೆಯ ಆಡಳಿತ ಎಂದು ವಿಚಾರಿಸಿದರು. ನಿಜ ಹೇಳಿಬಿಡೋಣ ಎಂದು ಕಡತಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಷಡ್ಡಕನ ಕಾರು ಬಂದು ಗೇಟಿಗೆ ಒತ್ತಿ ನಿಂತಿತು.

"ಓ, ಕಾರು ಬೇರೆ ಕಳಿಸ್ತಾರಾ ನಿಮಗೆ?" ಎಂದರು ಎದುರುಮನೆಯವರು.

ಕಾರಿನ ಗಾಜು ಇಳಿದಿತ್ತು. ಮಾತು ಒಳಗೆ ಕೇಳಿಸಿದ್ದರಲ್ಲಿ ಅನುಮಾನವಿಲ್ಲ. ಜೀವಮಾನದಲ್ಲಿ ಒಂದು ಮಾತನ್ನೂ ಉತ್ತರವಿಲ್ಲದೆ ಹೋಗಲು ಬಿಡದ ಷಡ್ಡಕ ಕೆಳಗಿಳಿದ. ಕಾರನ್ನು ಬಳಸಿಕೊಂಡು ಈ ಕಡೆ ಬಂದ. ಹಿಂದಿನ ಬಾಗಿಲು ತೆಗೆದು, ಕೈ ಕಟ್ಟಿಕೊಂಡು ನಿಂತ.

"ಹೊತ್ತಾಯ್ತು, ಸಾರ್," ಎಂದ.

ಕಡತಪ್ಪನವರು ಅವನ ಮುಖ ನೋಡಿದರು. ಆಮೇಲೆ ಹಿಂದಿನ ಬಾಗಿಲನ್ನು ತಾವೇ ಮುಚ್ಚಿ, ಮುಂದೆ ಹೋಗಿ ಅವನ ಪಕ್ಕದಲ್ಲಿ ಕೂತರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದೂ ಡ್ರೈವರ್ ಪಕ್ಕದಲ್ಲೇ ಕೂರುತ್ತಾರೆ ಎಂದು ಎದುರುಮನೆಯವರು ಸಂಜೆಯೊಳಗೆ ಇಡೀ ಬೀದಿಗೆ ಹೇಳಿ ಮುಗಿಸಿದ್ದರು.